ಪರ್ಸಿ ಛತ್ತಿನ ಮನೆಗೆ ಹೊಸ ಝೂಮರ್: ಹಳೆ ವೈರಿಂಗ್ ತಾಳುತ್ತಾ?

ಕಲಬುರಗಿಯ ಶಹಾಬಜಾರ್ ಕಡೆ ನಮ್ಮ ಅತ್ತೆಯ ಮನೆ. ಹಳೆ ಕಟ್ಟಡ. ಮೇಲೆ ಕಬ್ಬಿಣದ ಗರ್ಡರ್, ಅದರ ಮೇಲೆ ಶಹಾಬಾದ್ ಪರ್ಸಿ ಕಲ್ಲು ಹಾಸಿದ ಛತ್ತು. ಹೋದ ಬೇಸಿಗೆ ಆ ಮನೆಯಲ್ಲಿ ಮದುವೆ ಇತ್ತು. ಸುಣ್ಣ-ಬಣ್ಣ ಆಯಿತು, ನಡುಮನೆಗೆ ಅಂತ ಒಂದು ಝೂಮರ್, ಅಂದರೆ ತೂಗುದೀಪ ಬಂತು. ಹಿತ್ತಾಳೆ ಬಣ್ಣದ ಆರು ಕೈ, ಕೈಗೊಂದು ಎಲ್‌ಇಡಿ ಬಲ್ಬು.

ಎಲೆಕ್ಟ್ರಿಷಿಯನ್ ಏಣಿ ಹತ್ತಿ ಹಳೆ ಹೋಲ್ಡರ್ ಬಿಚ್ಚಿದರು. ಮರದ ಬಿಲ್ಲೆಯ ಹಿಂದಿನಿಂದ ಬಂದ ವೈರನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದರು ಅಷ್ಟೆ. ಮೇಲಿನ ರಬ್ಬರ್ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಕಟಕ ರೊಟ್ಟಿ ಮುರಿದಾಗ ಉದುರುತ್ತಲ್ಲ, ಹಾಗೆ. ಒಳಗಿನ ತಾಮ್ರ ಬೆತ್ತಲೆಯಾಗಿ ಹೊಳೆಯುತ್ತಿತ್ತು.

"ನಿನ್ನಿ ತನಕ ಲೈಟ್ ಛಲೋನೇ ಹತ್ತತಿತ್ತಲ್ರಿ" ಅಂದರು ಅತ್ತೆ.

ಹೌದು, ಹತ್ತುತ್ತಿತ್ತು. ದೀಪ ಹತ್ತುವುದಕ್ಕೂ ವೈರಿಂಗ್ ಗಟ್ಟಿಯಾಗಿರುವುದಕ್ಕೂ ಸಂಬಂಧ ಬಹಳ ಕಡಿಮೆ. ಈ ಒಂದು ಮಾತನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಈಗ ಊರ ತುಂಬಾ ಇದೇ ನಡೆದಿದೆ. ಚೋಕ್ ಸುಟ್ಟ ಟ್ಯೂಬ್‌ಲೈಟನ್ನು ಯಾರೂ ರಿಪೇರಿ ಮಾಡಿಸುತ್ತಿಲ್ಲ, ಎಲ್‌ಇಡಿ ಪಟ್ಟಿ ತಂದು ಹಾಕುತ್ತಾರೆ. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬು ಮನೆಮನೆಗೆ ಮುಟ್ಟಿತು. ಈಗ ಬಲ್ಬಿನಿಂದ ಮುಂದೆ ಹೋಗಿ ಝೂಮರ್, ಪ್ಯಾನೆಲ್ ಲೈಟ್, ಫಾಲ್ಸ್ ಸೀಲಿಂಗ್ ಅಂತ ಬಂದಿದ್ದೇವೆ. ದೀಪ ಈ ವರ್ಷದ್ದು, ಅದಕ್ಕೆ ಕರೆಂಟ್ ತರುವ ವೈರ್ ಮಾತ್ರ ಅಜ್ಜನ ಕಾಲದ್ದು.

ಎಲ್‌ಇಡಿ ಕರೆಂಟ್ ಕಡಿಮೆ ತಿನ್ನುತ್ತೆ, ಮತ್ಯಾಕೆ ಚಿಂತೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಪ್ರಶ್ನೆ ಸರಿಯಾಗಿಯೇ ಇದೆ. ಲೆಕ್ಕ ಹಾಕಿ ನೋಡೋಣ.

ನಮ್ಮ ಮನೆಗೆ ಬರುವ ಕರೆಂಟ್ 230 ವೋಲ್ಟ್. ಹಳೆ 100 ವ್ಯಾಟ್ ಬಲ್ಬು ಹತ್ತಿದರೆ ವೈರಿನಲ್ಲಿ ಹರಿಯುವುದು ಸುಮಾರು 0.43 ಆಂಪಿಯರ್. ಆಂಪಿಯರ್ ಅಂದರೆ ವೈರಿನೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವ ಅಳತೆ. ಈಗಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತು ಹಚ್ಚಿದರೂ 90 ವ್ಯಾಟ್. ಅಂದರೆ ಅಂದಿನ ಒಂದು ಬಲ್ಬಿಗಿಂತ ಕಡಿಮೆ. ಅತ್ತೆಯ ಝೂಮರ್‌ನ ಆರೂ ಬಲ್ಬು ಸೇರಿದರೆ ಹಳೆ 60 ವ್ಯಾಟ್ ಬಲ್ಬಿನ ಹತ್ತಿರ ಬರುತ್ತದೆ, ಅಷ್ಟೇ.

ಹಾಗಾಗಿ ವೈರ್ ಸಣ್ಣದಾಯಿತು, ಲೋಡ್ ಜಾಸ್ತಿಯಾಯಿತು ಅನ್ನುವ ಭಯ ದೀಪದ ವಿಷಯದಲ್ಲಿ ಬೇಡ. ತೊಂದರೆ ಇರುವುದು ಬೇರೆ ಕಡೆ.

ವೈರನ್ನು ಒಂದು ಓಣಿ ಅಂದುಕೊಳ್ಳಿ. ವೈರಿನ ದಪ್ಪ ಓಣಿಯ ಅಗಲ. ಗೀಸರ್, ಎಸಿ ಇವು ಲಾರಿ ಇದ್ದ ಹಾಗೆ, ಅಗಲ ಓಣಿ ಬೇಕು. ಎಲ್‌ಇಡಿ ದೀಪ ಸೈಕಲ್, ಎಷ್ಟೇ ಇಕ್ಕಟ್ಟಿನ ಓಣಿಯಲ್ಲೂ ಹೋಗುತ್ತದೆ. ಆದರೆ ಓಣಿ ಅಂದರೆ ಬರೀ ಅಗಲ ಅಲ್ಲ. ಎರಡೂ ಕಡೆ ಗೋಡೆ ಇರಬೇಕು. ವೈರಿಗೆ ಆ ಗೋಡೆಯೇ ಮೇಲಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆ, ಅಂದರೆ ಇನ್ಸುಲೇಷನ್. ಆ ಗೋಡೆ ಬಿದ್ದಿದ್ದರೆ ಸೈಕಲ್ ಸವಾರನೂ ಪಕ್ಕದ ಬಾವಿಗೆ ಬೀಳುತ್ತಾನೆ. ಕಡಿಮೆ ಕರೆಂಟ್ ತಿನ್ನುವ ದೀಪಕ್ಕೆ ಬರುವುದೂ ಅದೇ 230 ವೋಲ್ಟ್. ಮುಟ್ಟಿದವರಿಗೆ ಹೊಡೆಯುವುದೂ ಅದೇ.

ಹಾಗಾದರೆ ಹಳೆ ಮನೆಯಲ್ಲಿ ನೋಡಬೇಕಾದದ್ದು ವೈರಿನ ಹೊದಿಕೆ, ಜಾಯಿಂಟ್‌ಗಳು, ಅರ್ಥಿಂಗ್, ಸ್ವಿಚ್ ಕೂತಿರುವ ಜಾಗ. ದಪ್ಪದ ಮಾತು ಆಮೇಲೆ.

ನಿಮ್ಮದು ಯಾವ ಕಾಲದ ವೈರಿಂಗ್?

ಗೋಡೆ ನೋಡಿದರೆ ಅರ್ಧ ಗೊತ್ತಾಗುತ್ತದೆ. ಗೋಡೆಯ ಮೇಲೆ ಸಣ್ಣ ಮರದ ಪಟ್ಟಿ, ಅದರ ಮೇಲೆ ಎರಡು ವೈರ್, ಅಲ್ಲಲ್ಲಿ ತಗಡಿನ ಕ್ಲಿಪ್ ಮಡಚಿದ್ದರೆ ಅದು ಪಟ್ಟಿ ವೈರಿಂಗ್. ಕಲಬುರಗಿಯ ಬ್ರಹ್ಮಪುರ, ಗಾಜಿಪುರದ ಹಳೆ ಮನೆಗಳಲ್ಲಿ, ಬೀದರ್ ಕೋಟೆ ಊರೊಳಗಿನ ಮನೆಗಳಲ್ಲಿ ಇವತ್ತೂ ಸಿಗುತ್ತದೆ. ಇದರಲ್ಲಿ ರಬ್ಬರ್ ಹೊದಿಕೆಯ ವೈರ್ ಇದ್ದರೆ ಅದರ ಆಯಸ್ಸು ಮುಗಿದಿದೆ ಅಂತಲೇ ತಿಳಿಯಬೇಕು. ರಬ್ಬರ್ ಬಿಸಿಗೆ, ಗಾಳಿಗೆ ಒಣಗಿ ಬಿರುಕು ಬಿಡುತ್ತದೆ. ಅದರ ಮೇಲೆ ವರ್ಷಕ್ಕೊಮ್ಮೆ ಸುಣ್ಣ ಬಳಿದಿರುತ್ತೇವೆ, ಬಿರುಕು ಕಾಣುವುದೇ ಇಲ್ಲ.

ಆಮೇಲೆ ಬಂದದ್ದು ಪ್ಲಾಸ್ಟಿಕ್ ಪಟ್ಟಿಯೊಳಗೆ ವೈರ್ ಮುಚ್ಚುವ ಕೇಸಿಂಗ್, ಮತ್ತೆ ಗೋಡೆಯೊಳಗೇ ಪೈಪ್ ಹೂಳುವ ಪದ್ಧತಿ. ಇವುಗಳಲ್ಲಿ ಸಾಮಾನ್ಯವಾಗಿ ಪಿವಿಸಿ ವೈರ್ ಇರುತ್ತದೆ. ಅದು ರಬ್ಬರಿಗಿಂತ ಬಾಳಿಕೆ ಬರುತ್ತದೆ. ಆದರೂ 25-30 ವರ್ಷ ದಾಟಿದ್ದರೆ ಒಮ್ಮೆ ಅಳತೆ ಮಾಡಿಸಿ ನೋಡುವುದು ಒಳ್ಳೆಯದು. ಅಳತೆ ಅಂದರೇನು ಅಂತ ಮುಂದೆ ಹೇಳುತ್ತೇನೆ.

ಹಳೆ ಮೇಸ್ತ್ರಿಗಳು ವೈರಿನ ಅಳತೆಯನ್ನು 1/18, 3/20, 7/20 ಅಂತ ಹೇಳುತ್ತಾರೆ. ಮೊದಲ ಅಂಕಿ ಒಳಗೆ ಎಷ್ಟು ಎಳೆ ಇವೆ ಅಂತ, ಎರಡನೆಯದು ಎಳೆಯ ಗೇಜ್, ಅಂದರೆ ದಪ್ಪದ ನಂಬರ್. ಈಗ ಅದೇ ಮಾತನ್ನು ಚದರ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ದೀಪದ ಲೈನಿಗೆ 1 ಅಥವಾ 1.5 ಚದರ ಮಿಲಿಮೀಟರ್ ತಾಮ್ರ ಸಾಕು. ಹಳೆ 1/18 ತಾಮ್ರದ ವೈರ್ ಹೆಚ್ಚುಕಡಿಮೆ 1 ಚದರ ಮಿಲಿಮೀಟರ್. ಅಂದರೆ ಹೊದಿಕೆ ಸರಿ ಇದ್ದರೆ ಅದೂ ನಡೆಯುತ್ತದೆ.

ಒಂದು ಕಾಲದಲ್ಲಿ ತಾಮ್ರ ಸಿಗುವುದು ಕಷ್ಟವಾಗಿ ಮನೆಗಳಿಗೂ ಅಲ್ಯೂಮಿನಿಯಂ ವೈರ್ ಹಾಕಿದ್ದರು. ವೈರಿನ ತುದಿ ಬೆಳ್ಳಗೆ, ಮೆತ್ತಗೆ ಇದ್ದರೆ ಅದೇ. ಇದರದ್ದು ಬೇರೆ ಗೋಳು. ಸ್ಕ್ರೂ ಎಷ್ಟೇ ಬಿಗಿ ಮಾಡಿದರೂ ಅಲ್ಯೂಮಿನಿಯಂ ಕಾಲಕ್ರಮೇಣ ಒತ್ತಿಕೊಂಡು ಸಡಿಲವಾಗುತ್ತದೆ. ಮೇಲೆ ಕಿಲುಬು ಹಿಡಿಯುತ್ತದೆ. ಹೊಸ ದೀಪದ ತಾಮ್ರದ ವೈರನ್ನು ಅದಕ್ಕೆ ಸುಮ್ನೆ ತಿರುವಿ ಟೇಪ್ ಸುತ್ತಿದರೆ, ಎರಡು ಲೋಹ ಕೂಡಿದ ಜಾಗದಲ್ಲಿ ತೇವ ಸಿಕ್ಕಾಗ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ಆ ಎರಡು ಲೋಹಕ್ಕೂ ಒಗ್ಗುವ ಕನೆಕ್ಟರ್ ಹಾಕಬೇಕು, ಅಥವಾ ಅಷ್ಟು ಲೈನನ್ನು ತಾಮ್ರಕ್ಕೆ ಬದಲಿಸಬೇಕು. ನನ್ನ ಮಟ್ಟಿಗೆ ಬದಲಿಸುವುದೇ ಸರಿ.

ಹೋಲ್ಡರ್ ಮೇಲಿನ ಆ ಅರ್ಧ ಅಡಿ

ಇಡೀ ಲೈನಿನಲ್ಲಿ ಮೊದಲು ಕೆಡುವುದು ದೀಪಕ್ಕೆ ಹತ್ತಿರದ ತುದಿ. ಕಾರಣ ಸರಳ. ಹಳೆ ಬಲ್ಬು ಬೆಳಕಿಗಿಂತ ಬಿಸಿಯನ್ನೇ ಜಾಸ್ತಿ ಕೊಡುತ್ತಿತ್ತು. ಬಿಸಿ ಮೇಲಕ್ಕೆ ಏರುತ್ತದೆ. ದಿನಾ ಸಂಜೆ ನಾಲ್ಕೈದು ತಾಸು, ವರ್ಷಗಟ್ಟಲೆ, ಹೋಲ್ಡರ್ ಮೇಲಿನ ಅರ್ಧ ಅಡಿ ವೈರ್ ಹಂಚಿನ ಮೇಲಿಟ್ಟ ಹಾಗೆ ಕಾದಿರುತ್ತದೆ. ಅತ್ತೆಯ ಮನೆಯಲ್ಲಿ ಉದುರಿದ್ದೂ ಅದೇ ಅರ್ಧ ಅಡಿ. ಎರಡು ಮೊಳ ಹಿಂದಕ್ಕೆ ಹೋಗಿ ನೋಡಿದಾಗ ರಬ್ಬರ್ ಗಟ್ಟಿಯಾಗಿತ್ತು, ಆದರೆ ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು.

ಇದರ ಜೊತೆಗೆ ನಮ್ಮ ಬಿಸಿಲು. ಏಪ್ರಿಲ್-ಮೇನಲ್ಲಿ ಕಲಬುರಗಿ, ಯಾದಗಿರಿಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಅದು ನೆರಳಿನ ಲೆಕ್ಕ. ದಿನವಿಡೀ ಕಾದ ಛತ್ತಿನ ಕೆಳಗೆ, ಅದರೊಳಗಿನ ಪೈಪಿನಲ್ಲಿ ಬಿಸಿ ಇನ್ನೂ ಜಾಸ್ತಿ. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ 70 ಡಿಗ್ರಿ ತನಕ ತಾಳುವ ಲೆಕ್ಕದಲ್ಲಿ ತಯಾರಾಗಿರುತ್ತದೆ. ಸುತ್ತಲಿನ ಗಾಳಿಯೇ ಕಾದಿದ್ದರೆ ವೈರಿನ ಸ್ವಂತ ಬಿಸಿಗೆ ಉಳಿಯುವ ಜಾಗ ಕಡಿಮೆ. ಹೊಸ ವೈರ್ ಕೊಳ್ಳುವಾಗ ಡಬ್ಬಿಯ ಮೇಲೆ 'ಎಚ್‌ಆರ್' ಅಂತ ಇದ್ದರೆ ಅದು 85 ಡಿಗ್ರಿ ತಾಳುವ ಹೊದಿಕೆ. 'ಎಫ್‌ಆರ್' ಅಂದರೆ ಬೆಂಕಿ ಬೇಗ ಹಬ್ಬಲು ಬಿಡದ್ದು. ಛತ್ತಿನ ಕೆಳಗಿನ ಲೈನಿಗೆ ನಮ್ಮ ಕಡೆ ಇವು ಎರಡೂ ಇರುವ ವೈರ್ ಕೇಳಿ ತರುವುದು ಒಳ್ಳೆಯದು. ಐಎಸ್‌ಐ ಗುರುತು ಅಂತೂ ಇರಲೇಬೇಕು.

ಬಿಸಿಯ ಮಾತು ಬಂದಿದ್ದಕ್ಕೆ ಇನ್ನೊಂದು. ಎಲ್‌ಇಡಿ ಬಲ್ಬು ತಣ್ಣಗಿರುತ್ತದೆ ಅನ್ನುವುದು ಪೂರ್ತಿ ನಿಜ ಅಲ್ಲ. ಮುಂದೆ ಬೆಳಕು ತಣ್ಣಗಿರುತ್ತದೆ, ಹಿಂದೆ ಕುತ್ತಿಗೆ ಬಿಸಿಯಾಗುತ್ತದೆ. ಆ ಕುತ್ತಿಗೆಯಲ್ಲಿ ಡ್ರೈವರ್ ಅನ್ನುವ ಸಣ್ಣ ಸರ್ಕ್ಯೂಟ್ ಇದೆ. 230 ವೋಲ್ಟನ್ನು ಎಲ್‌ಇಡಿಗೆ ಒಗ್ಗುವಷ್ಟಕ್ಕೆ ಇಳಿಸುವುದು ಅದರ ಕೆಲಸ. ಎಲ್ಲಾ ಕಡೆಯಿಂದ ಮುಚ್ಚಿದ ಹಳೆ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಬಲ್ಬು ಹಾಕಿದರೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಡ್ರೈವರ್ ಬೇಗ ಕೆಡುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಬಲ್ಬು ಕೆಲವೇ ತಿಂಗಳಿಗೆ ಹೋದರೆ ವೈರನ್ನು ಬೈಯುವ ಮೊದಲು ಬುರುಡೆ ತೆಗೆದು ನೋಡಿ.

ಹಸಿರು ವೈರ್ ಎಲ್ಲಿ?

ಹಳೆ ಮನೆಗೂ ಹೊಸ ದೀಪಕ್ಕೂ ನಿಜವಾಗಿ ಹೊಂದಿಕೆಯಾಗದೆ ಇರುವುದು ಇಲ್ಲಿ. ಹಳೆ ದೀಪದ ಪಾಯಿಂಟಿಗೆ ಎರಡೇ ವೈರ್ ಬರುತ್ತವೆ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಫೇಸ್ ಕರೆಂಟ್ ತರುತ್ತದೆ, ನ್ಯೂಟ್ರಲ್ ವಾಪಸ್ ಒಯ್ಯುತ್ತದೆ. ಮೂರನೆಯದು ಹಸಿರು, ಅರ್ಥ್. ಅದಕ್ಕೆ ದಿನನಿತ್ಯ ಏನೂ ಕೆಲಸವಿಲ್ಲ. ಅನಾಹುತ ಆದ ದಿನ ಮಾತ್ರ ಕೆಲಸ.

ಅಂದು ಹೋಲ್ಡರ್ ಬೇಕಲೈಟಿನದು, ಬಲ್ಬು ಗಾಜಿನದು. ಮುಟ್ಟಲು ಲೋಹವೇ ಇರಲಿಲ್ಲ, ಹಾಗಾಗಿ ಅರ್ಥ್ ಎಳೆಯಲಿಲ್ಲ. ಇಂದು ಝೂಮರ್ ಪೂರ್ತಿ ಲೋಹ. ಒಳಗೆ ಎಲ್ಲೋ ಫೇಸ್ ವೈರಿನ ಹೊದಿಕೆ ಕತ್ತರಿಸಿ ತಾಮ್ರ ಲೋಹಕ್ಕೆ ತಾಗಿದರೆ ಇಡೀ ಝೂಮರ್‌ಗೆ 230 ವೋಲ್ಟ್ ಬರುತ್ತದೆ. ದೀಪ ಎಂದಿನಂತೆ ಹತ್ತುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಬ್ಬದ ಮುಂಚೆ ಯಾರೋ ಕಬ್ಬಿಣದ ಏಣಿ ಹತ್ತಿ ಒದ್ದೆ ಬಟ್ಟೆಯಿಂದ ಒರೆಸುವ ದಿನ ಗೊತ್ತಾಗುತ್ತದೆ.

ಅರ್ಥ್ ಇದ್ದಿದ್ದರೆ? ತಾಮ್ರ ಲೋಹಕ್ಕೆ ತಾಗಿದ ಕ್ಷಣವೇ ಕರೆಂಟ್ ಹಸಿರು ವೈರ್ ಹಿಡಿದು ನೆಲಕ್ಕೆ ಇಳಿಯುತ್ತದೆ. ಕಾಯುವ ಸಾಧನ ಸರಿ ಇದ್ದರೆ ಅಲ್ಲೇ ಬಂದ್ ಆಗುತ್ತದೆ.

ದೀಪ ಕೊಳ್ಳುವಾಗ ಲೇಬಲ್ ನೋಡಿ. ಒಂದು ಚೌಕದೊಳಗೆ ಇನ್ನೊಂದು ಸಣ್ಣ ಚೌಕದ ಗುರುತು ಇದ್ದರೆ ಅದು ಎರಡು ಪದರ ಇನ್ಸುಲೇಷನ್ ಇರುವ ದೀಪ. ಅದಕ್ಕೆ ಅರ್ಥ್ ಬೇಕಿಲ್ಲ. ಪ್ಲಾಸ್ಟಿಕ್ ಮೈಯ ಎಷ್ಟೋ ದೀಪಗಳು ಹೀಗೇ ಇರುತ್ತವೆ. ಆ ಗುರುತು ಇಲ್ಲದೆ, ಒಳಗೆ ಹಸಿರು ವೈರ್ ಅಥವಾ ಅರ್ಥ್ ಸ್ಕ್ರೂ ಕೊಟ್ಟಿದ್ದರೆ, ಅರ್ಥ್ ಕೊಡಲೇಬೇಕು. "ಮೂರನೇ ವೈರ್ ಬ್ಯಾಡ್ರಿ, ಕಟ್ ಮಾಡಿ ಬಿಡ್ತೀನಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅರ್ಥ್ ಎಳೆಸುವುದು ಆಗದಿದ್ದರೆ ಚೌಕದ ಗುರುತಿನ ದೀಪ ತನ್ನಿ. ಹಳೆ ಮನೆಗೆ ಇದು ಕಡಿಮೆ ಖರ್ಚಿನ ದಾರಿ.

ಹಸಿರು ವೈರ್ ಇದ್ದ ಮಾತ್ರಕ್ಕೂ ಆಗಲಿಲ್ಲ. ಅದು ಹೋಗಿ ಸೇರುವ ಗುಂಡಿ ಸರಿ ಇರಬೇಕು. ನಮ್ಮ ಕಡೆ ಸಾಮಾನ್ಯವಾಗಿ ಸುಮಾರು ಎರಡೂವರೆ ಮೀಟರ್ ಉದ್ದದ ಸತುವಿನ ಲೇಪದ ಕಬ್ಬಿಣದ ಪೈಪ್ ಹೂತು, ಸುತ್ತ ಇದ್ದಿಲು-ಉಪ್ಪು ತುಂಬಿರುತ್ತಾರೆ. ಮಣ್ಣು ಹಸಿ ಇದ್ದರೆ ಕರೆಂಟ್ ಸಲೀಸಾಗಿ ಇಳಿಯುತ್ತದೆ. ಕಲಬುರಗಿಯ ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಮೆತ್ತಗೆ ಅಪ್ಪಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬಿರಿದಾಗ ಪೈಪಿಗೂ ಮಣ್ಣಿಗೂ ನಡುವೆ ಸಂದು ಬಿದ್ದು ಅರ್ಥ್ ಸತ್ತಂತೆ ಆಗುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ಬಿರಿಯುವುದಿಲ್ಲ, ಆದರೆ ನೀರು ಬೇಗ ಇಂಗಿ ಒಣಗುತ್ತದೆ. ಅದಕ್ಕೇ ಹಿರಿಯರು ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಕೊಡ ನೀರು ಸುರಿಯುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ಆ ಗುಂಡಿಯ ಮೇಲೆ ಟೈಲ್ಸ್ ಕೂತಿದೆ. ಎಲ್ಲಿದೆ ಅಂತಲೇ ಗೊತ್ತಿಲ್ಲ.

ಆರಿಸಿದ ಮೇಲೂ ಮಿಣುಕುವ ದೀಪ

ಸ್ವಿಚ್ ಆಫ್ ಮಾಡಿ ಮಲಗಿದರೆ ಎಲ್‌ಇಡಿ ಬಲ್ಬು ಮಿಂಚುಹುಳದ ಹಾಗೆ ಸಣ್ಣಗೆ ಹೊಳೆಯುತ್ತಿರುತ್ತದೆ. ಕೆಲವು ಕಡೆ ಎರಡು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಬಲ್ಬು ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಬಹಳ ಸಲ ಕೆಟ್ಟಿರುವುದು ಬಲ್ಬಲ್ಲ.

ನಿಯಮದ ಪ್ರಕಾರ ಸ್ವಿಚ್ ಫೇಸ್ ವೈರಿನ ಮೇಲೆ ಇರಬೇಕು. ಆಗ ಆಫ್ ಮಾಡಿದರೆ ಹೋಲ್ಡರ್‌ಗೆ ಕರೆಂಟ್ ಬರುವುದೇ ನಿಲ್ಲುತ್ತದೆ. ಹಳೆ ಮನೆಯಲ್ಲಿ ರಿಪೇರಿ ಮೇಲೆ ರಿಪೇರಿ ಆಗಿ ಕೆಂಪು-ಕಪ್ಪು ಅದಲುಬದಲಾಗಿ, ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತದೆ. ಆಫ್ ಮಾಡಿದಾಗ ವಾಪಸ್ ಹೋಗುವ ದಾರಿ ಮುಚ್ಚುತ್ತದೆ, ದೀಪ ಆರುತ್ತದೆ. ಆದರೆ ಹೋಲ್ಡರ್‌ನಲ್ಲಿ ಫೇಸ್ ಹಾಗೇ ಇರುತ್ತದೆ. ಹಳೆ ಬಲ್ಬಿಗೆ ಇಂಥ ಸಣ್ಣ ಸೋರಿಕೆ ಸಾಲುತ್ತಿರಲಿಲ್ಲ, ಕಪ್ಪಗಿರುತ್ತಿತ್ತು. ಎಲ್‌ಇಡಿಗೆ ಒಂದು ಹನಿ ಸಾಕು. ಗೋಡೆ, ಗಾಳಿಯ ಮೂಲಕ ಸೋರುವ ಹನಿಯನ್ನು ಕೂಡಿಟ್ಟುಕೊಂಡು ಮಿಣುಕುತ್ತದೆ. ಆ ಬೆಳಕನ್ನು ನೋಡಿ ತಿಳಿಯಬೇಕಾದದ್ದು: ಆಫ್ ಮಾಡಿದ ಹೋಲ್ಡರ್‌ಗೆ ಕೈ ಹಾಕುವುದು ಇಲ್ಲಿ ಸುರಕ್ಷಿತ ಅಲ್ಲ.

ಮಿಣುಕಿದ್ದೆಲ್ಲಾ ಇದೇ ಕಾರಣಕ್ಕೆ ಅಂತಲ್ಲ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕವೂ ಕರೆಂಟ್ ಸೋರುತ್ತದೆ. ಒಂದೇ ಪೈಪಿನಲ್ಲಿ ಉದ್ದಕ್ಕೂ ಹತ್ತಿರ ಹತ್ತಿರ ಹೋಗುವ ವೈರ್‌ಗಳಿಂದಲೂ ಸ್ವಲ್ಪ ಹಾಯುತ್ತದೆ. ಇವೆರಡು ಅಪಾಯದ್ದಲ್ಲ. ಯಾವುದು ಅಂತ ಎಲೆಕ್ಟ್ರಿಷಿಯನ್ ಐದು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಸ್ಕ್ರೂ ಬಲ್ಬಿನ ಹೋಲ್ಡರ್ ಇರುವ ಹೊಸ ದೀಪಗಳಿಗೆ ಈ ಅದಲುಬದಲು ಇನ್ನೂ ಕೆಟ್ಟದ್ದು. ನಮ್ಮ ಹಳೆ ಬಲ್ಬು ಎರಡು ಪಿನ್ನಿನ, ತಿರುವಿ ಸಿಕ್ಕಿಸುವಂಥದ್ದು. ಝೂಮರ್‌ಗಳಲ್ಲಿ ಹೆಚ್ಚಾಗಿ ಸ್ಕ್ರೂ ಹೋಲ್ಡರ್. ಅದರಲ್ಲಿ ಫೇಸ್ ನಡುವಿನ ಚುಕ್ಕೆಗೆ ಬರಬೇಕು, ಸುತ್ತಲಿನ ತಿರುಪಿನ ಲೋಹಕ್ಕೆ ನ್ಯೂಟ್ರಲ್. ಉಲ್ಟಾ ಆದರೆ ಬಲ್ಬು ತಿರುಗಿಸುವಾಗ ಬೆರಳಿಗೆ ತಾಗಬಹುದಾದ ಆ ಲೋಹದಲ್ಲೇ ಫೇಸ್ ಇರುತ್ತದೆ.

ಟ್ಯೂಬ್ ಪಟ್ಟಿಗೆ ಎಲ್‌ಇಡಿ ಟ್ಯೂಬ್

ಹಳೆ ಪಟ್ಟಿ ಉಳಿಸಿಕೊಂಡು ಟ್ಯೂಬ್ ಮಾತ್ರ ಬದಲಿಸುವವರು ಡಬ್ಬಿಯ ಮೇಲಿನ ಚಿತ್ರ ನೋಡಲೇಬೇಕು. ಕೆಲವು ಟ್ಯೂಬ್‌ಗೆ ಒಂದೇ ತುದಿಯಿಂದ ಫೇಸ್-ನ್ಯೂಟ್ರಲ್ ಎರಡೂ ಬರಬೇಕು, ಕೆಲವಕ್ಕೆ ಎರಡು ತುದಿಯಿಂದ. ನೇರ ಕರೆಂಟಿನ ಟ್ಯೂಬ್ ಆದರೆ ಚೋಕ್, ಸ್ಟಾರ್ಟರ್ ತೆಗೆದು ವೈರ್ ನೇರ ಮಾಡಿಸಬೇಕು. ಎರಡು ತುದಿಯದನ್ನು ಸ್ವಿಚ್ ಆನ್ ಇರುವಾಗ ಸಿಕ್ಕಿಸಬೇಡಿ. ಒಂದು ತುದಿ ಕೂತ ಕೂಡಲೇ ನಿಮ್ಮ ಕೈಯಲ್ಲಿರುವ ಇನ್ನೊಂದು ತುದಿಯ ಪಿನ್ನಿಗೆ ಕರೆಂಟ್ ಬರಬಹುದು.

ಕಿಟ್‌ಕ್ಯಾಟ್, ಎಂಸಿಬಿ, ಆರ್‌ಸಿಸಿಬಿ: ಯಾರು ಯಾರನ್ನು ಕಾಯುತ್ತಾರೆ?

ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಕಾಯುವುದು ವೈರನ್ನು. ಕರೆಂಟ್ ಮಿತಿ ಮೀರಿದರೆ ಒಳಗಿನ ಸಣ್ಣ ತಂತಿ ಕರಗಿ ತಾನು ಸತ್ತು ವೈರನ್ನು ಉಳಿಸುತ್ತದೆ. ದೀಪದ ಲೈನಿಗೆ 5 ಆಂಪಿಯರ್ ತಂತಿ ಇರಬೇಕು. ಆದರೆ ರಾತ್ರಿ ಫ್ಯೂಸ್ ಹೋದಾಗ ಕೈಗೆ ಸಿಕ್ಕ ವೈರಿನಿಂದ ನಾಲ್ಕೈದು ಎಳೆ ಕಿತ್ತು ಸುತ್ತಿರುತ್ತೇವೆ. ಅದು ಎಂದೂ ಕರಗುವುದಿಲ್ಲ. ಬದಲಿಗೆ ಗೋಡೆಯೊಳಗಿನ ವೈರ್ ಬಿಸಿಯಾಗುತ್ತದೆ. ಇದೇ ಕೆಲಸವನ್ನು ಎಂಸಿಬಿ ಸ್ವಿಚ್ ಬಿದ್ದ ಹಾಗೆ ಟಕ್ ಅಂತ ಬಿದ್ದು ಮಾಡುತ್ತದೆ. ದೀಪದ ಲೈನಿಗೆ 6 ಆಂಪಿಯರ್ ಎಂಸಿಬಿ ಸಾಕು. ಒಂದು ಲೈನಿನಲ್ಲಿ ದೀಪ, ಫ್ಯಾನ್, ಸಣ್ಣ ಪ್ಲಗ್ ಎಲ್ಲಾ ಸೇರಿ ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದು ಅನ್ನುವುದು ನಮ್ಮ ದೇಶದ ರೂಢಿಯ ಅಳತೆ. ಬೇಸಿಗೆಯಲ್ಲಿ ಕೂಲರ್, ಇಸ್ತ್ರಿ ಪೆಟ್ಟಿಗೆ ಎಲ್ಲಾ ಇದೇ ಲೈನಿಗೆ ಬೀಳುವುದರಿಂದ ಇದು ನೆನಪಿರಲಿ.

ಫ್ಯೂಸ್ ಆಗಲಿ ಎಂಸಿಬಿ ಆಗಲಿ ಮನುಷ್ಯನನ್ನು ಕಾಯುವುದಿಲ್ಲ. ಜೀವ ತೆಗೆಯಲು ಬೇಕಾದ ಕರೆಂಟ್ ಅವು ಬೀಳುವ ಮಿತಿಗಿಂತ ಎಷ್ಟೋ ಪಟ್ಟು ಕಡಿಮೆ. ಮನುಷ್ಯನನ್ನು ಕಾಯಲು ಇರುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಅದು ದನ ಕಾಯುವವನ ಹಾಗೆ ಎಣಿಸುತ್ತದೆ. ಮುಂಜಾನೆ ಹೊರಗೆ ಹೋದ ದನ ಎಷ್ಟು, ಸಂಜೆ ವಾಪಸ್ ಬಂದವು ಎಷ್ಟು. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಕಡಿಮೆ ಬಂದರೆ ಎಲ್ಲೋ ಸೋರಿದೆ ಅಂತ ಅರ್ಥ. ಗೋಡೆಗೋ, ಝೂಮರ್‌ಗೋ, ಯಾರದೋ ಮೈಗೋ. ಮನೆಗೆ ಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಷ್ಟು ಸೋರಿಕೆಗೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬೀಳುತ್ತದೆ. ಅರ್ಥ್ ಇಲ್ಲದ ಮನೆಯಲ್ಲೂ ಅದು ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಅರ್ಥ್ ಇದ್ದರೆ ಲೋಹಕ್ಕೆ ಕರೆಂಟ್ ತಾಗಿದಾಗಲೇ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ.

ಹಳೆ ಮನೆಗೆ ಆರ್‌ಸಿಸಿಬಿ ಕೂರಿಸಿದ ಮರುದಿನವೇ ಪದೇ ಪದೇ ಬೀಳುತ್ತಿದೆ ಅಂತ ದೂರು ಬರುತ್ತದೆ. ಸೋರಿಕೆ ಇರಬಹುದು. ಅಥವಾ ಒಂದು ಕೋಣೆಯ ದೀಪಕ್ಕೆ ಇನ್ನೊಂದು ಲೈನಿನ ನ್ಯೂಟ್ರಲ್ ಎರವಲು ಕೊಟ್ಟಿರಬಹುದು. ದನ ಬೇರೆಯವರ ಕೊಟ್ಟಿಗೆಗೆ ವಾಪಸ್ ಹೋದರೆ ಎಣಿಕೆ ತಪ್ಪುತ್ತದೆ, ಅಲ್ವಾ? ಸಿಟ್ಟಿಗೆ ಅದನ್ನೇ ತಪ್ಪಿಸಿ ನೇರ ಕೊಡಿಸಬೇಡಿ. ಕಾರಣ ಹುಡುಕಿಸಿ.

ಏನೂ ಬಿಚ್ಚದೆ ನೀವೇ ನೋಡಬಹುದಾದದ್ದು

ಸಂಜೆ ದೀಪ ಹಚ್ಚಿ ಒಂದು ತಾಸಿನ ಮೇಲೆ ಸ್ವಿಚ್ ಬೋರ್ಡಿನ ಮೇಲೆ ಅಂಗೈ ಹಿಂಬದಿ ಇಡಿ. ಕೈ ಒಣಗಿರಲಿ. ಬೆಚ್ಚಗಿದ್ದರೆ ಒಳಗೆ ಸಡಿಲ ಜಾಯಿಂಟ್ ಇರಬಹುದು. ಮೀನು ಹುರಿದಂಥ, ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಬಂದರೂ ಅದೇ. ಮಳೆ ಬಂದು ನಿಂತ ಮೇಲೆ ಗೋಡೆ ಮುಟ್ಟಿದಾಗ ಜುಂ ಅನ್ನಿಸಿದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ನಾಳೆಗೆ ಬಿಡಬೇಡಿ.

ಇನ್ನೊಂದು ಸುಲಭದ ಪರೀಕ್ಷೆ ಮೀಟರಿನದು. ಇನ್ವರ್ಟರ್ ಸೇರಿ ಎಲ್ಲಾ ಪ್ಲಗ್ ತೆಗೆದು, ಎಲ್ಲಾ ಸ್ವಿಚ್ ಆಫ್ ಮಾಡಿ, ಮೇನ್ ಮಾತ್ರ ಆನ್ ಇಟ್ಟು ಮೀಟರಿನ ಕೆಂಪು ಚುಕ್ಕೆಯನ್ನು ಹತ್ತು-ಹದಿನೈದು ನಿಮಿಷ ನೋಡಿ. ಆಗಲೂ ಮಿನುಗಿದರೆ ಕರೆಂಟ್ ಎಲ್ಲೋ ಹೋಗುತ್ತಿದೆ.

ಮೀಟರ್ ತನಕ ತೊಂದರೆ ಇದ್ದರೆ ಅದು ವಿದ್ಯುತ್ ಕಂಪನಿ ಜೆಸ್ಕಾಂನವರ ಕೆಲಸ, 1912ಕ್ಕೆ ಫೋನ್ ಮಾಡಬಹುದು. ಮೀಟರ್ ದಾಟಿ ಒಳಗೆ ಬಂದ ಮೇಲೆ ಮನೆಯವರ ಜವಾಬ್ದಾರಿ.

ಎಲೆಕ್ಟ್ರಿಷಿಯನ್ ಬಂದಾಗ ಏನು ಕೇಳಬೇಕು?

ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಕೇಳಿ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವಂಥದ್ದು ಅದು. ಕೇಳಲು ಸಂಕೋಚ ಬೇಡ.

ಬರೀ ಟೆಸ್ಟರ್ ಹಿಡಿದು ನೋಡಿ ಸರಿ ಇದೆ ಅಂದರೆ ಸಾಲದು. ಟೆಸ್ಟರ್ ಕರೆಂಟ್ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ, ಹೊದಿಕೆ ಹೇಗಿದೆ ಅಂತ ಹೇಳುವುದಿಲ್ಲ. ಅದಕ್ಕೆ ಮೆಗ್ಗರ್ ಬೇಕು. ಕರೆಂಟ್ ಪೂರ್ತಿ ಬಂದ್ ಮಾಡಿ, ಮೆಗ್ಗರ್‌ನಿಂದ 500 ವೋಲ್ಟ್ ಡಿಸಿ ಒತ್ತಡ ಕೊಟ್ಟು ಹೊದಿಕೆಯ ಮೂಲಕ ಎಷ್ಟು ಸೋರುತ್ತದೆ ಅಂತ ಅಳೆಯುತ್ತಾರೆ. ಹೊಸ ಪೈಪ್‌ಲೈನಿಗೆ ನೀರು ತುಂಬಿ ಒತ್ತಡ ಕೊಟ್ಟು ಎಲ್ಲಿ ಜಿನುಗುತ್ತದೆ ಅಂತ ನೋಡುತ್ತಾರಲ್ಲ, ಅದೇ ಥರ. ಅಳತೆ ಮೆಗಾ ಓಮ್‌ನಲ್ಲಿ ಬರುತ್ತದೆ. ಅಂಕಿ ದೊಡ್ಡದಿದ್ದಷ್ಟು ಹೊದಿಕೆ ಗಟ್ಟಿ. ಒಳ್ಳೆ ವೈರಿಂಗ್ ಹತ್ತಾರು, ನೂರಾರು ತೋರಿಸುತ್ತದೆ. 1ಕ್ಕಿಂತ ಕೆಳಗೆ ಬಂದರೆ ಆ ಲೈನ್ ಮೇಲೆ ಹೊಸ ದೀಪ ಹಾಕಬಾರದು. ಮೆಗ್ಗರ್ ಹಚ್ಚುವ ಮೊದಲು ಎಲ್ಲಾ ಎಲ್‌ಇಡಿ ಬಲ್ಬು, ಟ್ಯೂಬ್ ತೆಗೆದಿಡಿಸಿ. ಆ 500 ವೋಲ್ಟಿಗೆ ಡ್ರೈವರ್ ಕೆಡಬಹುದು, ಅಳತೆಯೂ ತಪ್ಪುತ್ತದೆ.

ಇನ್ವರ್ಟರ್ ಇರುವ ಮನೆಯವರು ಇದನ್ನು ಮರೆಯಲೇಬೇಡಿ. ಮೇನ್ ಆಫ್ ಮಾಡಿದರೂ ಇನ್ವರ್ಟರ್ ತನ್ನ ದೀಪದ ಲೈನಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ನಮ್ಮ ಊರಲ್ಲಿ ಇನ್ವರ್ಟರ್ ಇಲ್ಲದ ಮನೆ ಎಷ್ಟಿವೆ? ಏಣಿ ಹತ್ತುವ ಮೊದಲು ಅದನ್ನೂ ಆಫ್ ಮಾಡಿ, ಪ್ಲಗ್ ತೆಗೆದು, ಆಮೇಲೆ ಹೋಲ್ಡರ್‌ನಲ್ಲಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಎರಡು ಪಾಯಿಂಟನ್ನಾದರೂ ಬಿಚ್ಚಿ ತೋರಿಸಲು ಹೇಳಿ. ಒಂದು ಅಡುಗೆಮನೆಯದು, ಅಲ್ಲಿ ಹೊಗೆ, ಎಣ್ಣೆ ಜಿಡ್ಡು ಕೂತಿರುತ್ತದೆ. ಇನ್ನೊಂದು ಬಿಸಿಲಿಗೆ ನೇರ ಸಿಗುವ ಛತ್ತಿನ ಕೆಳಗಿನದು. ಇವೆರಡು ಚೆನ್ನಾಗಿದ್ದರೆ ಉಳಿದವೂ ಚೆನ್ನಾಗಿರುವ ಸಾಧ್ಯತೆ ಜಾಸ್ತಿ.

ಎಲ್ಲಾ ಕಿತ್ತು ಹೊಸದು ಮಾಡಬೇಕಾ?

ಬೇಕಿಲ್ಲ. ಹಳೆ ಹೋಲ್ಡರ್‌ಗೆ ಎಲ್‌ಇಡಿ ಬಲ್ಬು ಹಾಕುವುದಷ್ಟೇ ಆದರೆ, ಹೋಲ್ಡರ್ ಗಟ್ಟಿಯಿದ್ದರೆ, ಹಳೆ ವೈರಿಗೆ ಅದು ಭಾರ ಇಳಿಸಿದಂತೆಯೇ. ಹೋಲ್ಡರ್ ಬಿಚ್ಚಿ ಹೊಸ ದೀಪ ಕೂರಿಸುವಾಗ ಆ ಅರ್ಧ ಅಡಿ ವೈರ್, ಅರ್ಥ್, ಸ್ವಿಚ್ಚಿನ ಜಾಗ ನೋಡಿಸಬೇಕು. ಒಣಗಿದ ವೈರ್ ಅಲುಗಾಡದೆ ಇದ್ದಷ್ಟು ದಿನ ಹೇಗೋ ನಡೆದಿರುತ್ತದೆ, ಅಲುಗಾಡಿಸಿದ ದಿನ ಬಿರಿಯುತ್ತದೆ.

ಫಾಲ್ಸ್ ಸೀಲಿಂಗ್ ಹಾಕಿಸುವವರಿಗೆ ಮಾತ್ರ ನನ್ನ ಮಾತು ಬೇರೆ. ಅಷ್ಟು ಭಾಗದ ವೈರನ್ನು ಮೊದಲು ಬದಲಿಸಿಬಿಡಿ. ಪಿಒಪಿ ಮುಚ್ಚಿದ ಮೇಲೆ ಹಳೆ ವೈರ್ ಕಣ್ಣಿಗೆ ಬೀಳುವುದಿಲ್ಲ, ಛತ್ತಿನ ಬಿಸಿ ಆ ಸಂದಿನಲ್ಲಿ ನಿಲ್ಲುತ್ತದೆ, ಡ್ರೈವರ್‌ಗಳೂ ಅಲ್ಲೇ ಕೂರುತ್ತವೆ. ಜಾಯಿಂಟ್ ಇದ್ದರೆ ಮುಚ್ಚಳ ಇರುವ ಡಬ್ಬಿಯೊಳಗೇ ಇರಬೇಕು, ಆ ಡಬ್ಬಿಗೆ ಕೈ ಮುಟ್ಟುವಂತಿರಬೇಕು. ಇಪ್ಪತ್ತು ಸಣ್ಣ ದೀಪವನ್ನು ಒಂದೇ ಹಳೆ ಸ್ವಿಚ್ಚಿಗೆ ಕೊಡಿಸಬೇಡಿ. ಆನ್ ಮಾಡಿದ ಕ್ಷಣ ಪ್ರತಿ ಡ್ರೈವರ್ ಕಣ್ಣು ಮಿಟುಕಿಸುವಷ್ಟು ಹೊತ್ತು ತನ್ನ ಎಂದಿನ ಪಾಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಎಲ್ಲಾ ಒಟ್ಟಿಗೆ ಎಳೆದರೆ ಸ್ವಿಚ್ಚಿನ ಒಳಗಿನ ತುದಿಗಳು ಸುಟ್ಟು ಅಂಟಿಕೊಳ್ಳಬಹುದು.

ಇನ್ನು ತೂಕ. ಪರ್ಸಿ ಕಲ್ಲು ಪದರ ಪದರ. ಡ್ರಿಲ್ ಹಾಕಿದರೆ ಸೀಳಬಹುದು. ಭಾರದ ದೀಪ ಎಂದಿಗೂ ವೈರಿಗೆ, ಮರದ ಬಿಲ್ಲೆಗೆ ಜೋತಾಡಬಾರದು. ಅದರ ಭಾರ ಕಬ್ಬಿಣ ಹೊರಬೇಕು.

ಅತ್ತೆಯ ಮನೆಯಲ್ಲಿ ಹಾಗೇ ಮಾಡಿದರು. ಗರ್ಡರ್‌ಗೆ ಕ್ಲಾಂಪ್ ಬಿಗಿದು, ಅದಕ್ಕೆ ಕೊಂಡಿ ಹಾಕಿ ಝೂಮರ್ ಇಳಿಬಿಟ್ಟರು. ನಡುಮನೆಯ ಲೈನ್ ಮಾತ್ರ ಹೊಸದಾಗಿ ಎಳೆದರು, ಗೋಡೆ ಒಡೆಯದೆ ಪ್ಲಾಸ್ಟಿಕ್ ಕೇಸಿಂಗ್‌ನಲ್ಲಿ, ಹಸಿರು ವೈರ್ ಸಮೇತ. ಮೇನ್ ಹತ್ತಿರ ಆರ್‌ಸಿಸಿಬಿ ಬಂತು. ಮುಚ್ಚಿಹೋಗಿದ್ದ ಅರ್ಥ್ ಗುಂಡಿ ತುಳಸಿ ಕಟ್ಟೆಯ ಹಿಂದೆ ಸಿಕ್ಕಿತು. ದೇವರ ಕೋಣೆ, ಅಡುಗೆಮನೆಯ ಲೈನ್ ಮೆಗ್ಗರ್‌ನಲ್ಲಿ 1ಕ್ಕಿಂತ ಸ್ವಲ್ಪ ಮೇಲೆ ಬಂದವು. ಅವುಗಳಲ್ಲಿ ಹೊಸದೇನೂ ಹಾಕಲಿಲ್ಲ, ಬರೀ ಬಲ್ಬು. ಎಲೆಕ್ಟ್ರಿಷಿಯನ್ ಹೋಗುವ ಮುಂಚೆ ಮೀಟರ್ ಬೋರ್ಡಿನ ಬಾಗಿಲ ಒಳಬದಿಯಲ್ಲಿ ಮೂರೂ ಲೈನಿನ ಅಳತೆಯನ್ನು ತಾರೀಖು ಹಾಕಿ ಬರೆದರು. ಮುಂದಿನ ಯುಗಾದಿಗೆ ಮತ್ತೆ ಅಳೆದು ಪಕ್ಕದಲ್ಲೇ ಬರೆಯಬೇಕು. ಅಂಕಿ ಇಳಿದಿದ್ದರೆ ವೈರ್ ಬದಲಿಸುವುದು ಅಡುಗೆಮನೆಯಿಂದ ಶುರು.